ಶಸ್ತ್ರಕ್ರಿಯೆಗೆ ಮುನ್ನ ಬಯಾಪ್ಸಿ ವರದಿ ಓದಿಸಿ

ಅರವತ್ತು ದಾಟಿದ ಹಿರಿಯರು ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳತೊಡಗಿದರೆ, ಬಹುಪಾಲು ಅದಕ್ಕೆ ಪ್ರಾಸ್ಟೇಟ್ ಗ್ರಂಥಿಯ ಸಾಧಾರಣ ಊತವೇ ಕಾರಣ; ಕ್ಯಾನ್ಸರ್ ಅಲ್ಲ. ಆದರೆ ಪಿ.ಎಸ್.ಎ. ರಕ್ತಪರೀಕ್ಷೆ ಸಂಶಯ ಹುಟ್ಟಿಸಿ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದೊಡನೆ ಮನೆಯಲ್ಲಿ ಎರಡೇ ಮಾತು: 'ನಾಳೆಯೇ ಆಪರೇಶನ್ ಮಾಡಿಸೋಣ' ಅಥವಾ 'ಈ ವಯಸ್ಸಿನಲ್ಲಿ ಏನೂ ಬೇಡ'. ಎರಡೂ ಅವಸರದ ಮಾತುಗಳೇ. ಯಾವುದು ಸರಿಯೆಂಬುದಕ್ಕೆ ದಾರಿ ಆ ವರದಿಯಲ್ಲೇ ಇರುತ್ತದೆ.

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಮೇಲಿನ ನಾಲ್ಕು ಕಾಯಿ ನೋಡಿ ದರ ಬರೆಯುವುದಿಲ್ಲ. ಅಲ್ಲಲ್ಲಿ ಕೈಹಾಕಿ ನೋಡುತ್ತಾರೆ. ಬಯಾಪ್ಸಿಯೂ ಹಾಗೆಯೇ. ಗ್ರಂಥಿಯ ಬೇರೆ ಬೇರೆ ಭಾಗಗಳಿಂದ ಸೂಜಿಯ ಮೂಲಕ ಸಾಮಾನ್ಯವಾಗಿ 10-12 ಎಳೆಗಳನ್ನು ತೆಗೆಯುತ್ತಾರೆ. ಎಷ್ಟು ಎಳೆಗಳಲ್ಲಿ ಕ್ಯಾನ್ಸರ್ ಇದೆ, ಯಾವ ಪಕ್ಕದಲ್ಲಿದೆ, ಅದರ ಸ್ವಭಾವ ಎಂಥದು ಎಂಬುದನ್ನು ವರದಿ ಹೇಳುತ್ತದೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಭಯ ಬೇಡ.

ಸ್ವಭಾವವನ್ನು ಅಳೆಯುವ ಕ್ರಮವನ್ನು 1966ರಲ್ಲಿ ಅಮೆರಿಕದ ಡಾ. ಡೊನಾಲ್ಡ್ ಗ್ಲೀಸನ್ ರೂಪಿಸಿದರು. ಇಂದು 6ರಿಂದ 10ರವರೆಗಿನ ಗ್ಲೀಸನ್ ಅಂಕವನ್ನು 1ರಿಂದ 5ರ ದರ್ಜೆಗಳಾಗಿ ಹೇಳುತ್ತಾರೆ. ಅಂಕ 7 ಇದ್ದರೆ 3+4 ಬೇರೆ, 4+3 ಬೇರೆ. ಎರಡನೆಯದು ಹೆಚ್ಚು ಉಗ್ರ.

ಒಂದನೆಯ ದರ್ಜೆಯಾದರೆ, ನಿಯಮಿತ ಪರೀಕ್ಷೆ ಮಾಡಿಸುತ್ತ ಕಾಯುವುದೇ ಅನೇಕರಿಗೆ ಸಾಕು. ಬ್ರಿಟನ್ನಿನಲ್ಲಿ, ರೋಗ ಗ್ರಂಥಿಯೊಳಗೇ ಇದ್ದ 1,643 ಮಂದಿಯನ್ನು ಸುಮಾರು 15 ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಶಸ್ತ್ರಕ್ರಿಯೆ, ವಿಕಿರಣ, ನಿಗಾ, ಯಾವ ಗುಂಪಿನಲ್ಲೇ ಇರಲಿ, ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಮೂವರಷ್ಟೇ. ಆದರೆ ನಿಗಾದ ಗುಂಪಿನಲ್ಲಿ ರೋಗ ಹರಡಿದವರು ಹೆಚ್ಚು. ಆದ್ದರಿಂದ ನಿಗಾ ಎಂದರೆ ನಿರ್ಲಕ್ಷ್ಯವಲ್ಲ.

ಎರಡು, ಮೂರನೆಯ ದರ್ಜೆಯವರಿಗೆ, ಆರೋಗ್ಯ ಗಟ್ಟಿಯಿದ್ದರೆ, ಶಸ್ತ್ರಕ್ರಿಯೆ ಅಥವಾ ವಿಕಿರಣ ಹೊಂದಬಹುದು. ಶಸ್ತ್ರಕ್ರಿಯೆಯಿಂದ ಮೂತ್ರ ಸೋರುವುದು, ಲೈಂಗಿಕ ಶಕ್ತಿ ಕುಂದುವುದು ಉಂಟು. ರೋಗವಿಲ್ಲದ ಪಕ್ಕದ ನರಗಳನ್ನು ಉಳಿಸಬಹುದೇ ಎಂಬುದನ್ನೂ ವರದಿ ನೋಡಿಯೇ ತೀರ್ಮಾನಿಸುತ್ತಾರೆ. ನಾಲ್ಕು, ಐದಾದರೆ ಮೊದಲು ಸ್ಕ್ಯಾನ್ ಮಾಡಿಸಿ, ಮೂಳೆಗೆ ಹರಡಿದೆಯೇ ನೋಡಬೇಕು. ಹರಡಿದ್ದರೆ ಸಾಮಾನ್ಯವಾಗಿ ಗ್ರಂಥಿ ತೆಗೆಯುವುದಿಲ್ಲ. ಹಾರ್ಮೋನು ಚಿಕಿತ್ಸೆಯೇ ಮುಖ್ಯ.

ಹಾವೇರಿ, ಬ್ಯಾಡಗಿಯವರು ಹುಬ್ಬಳ್ಳಿಗೆ, ರಾಣೆಬೆನ್ನೂರಿನವರು ದಾವಣಗೆರೆಗೆ ಹೋಗುವುದು ವಾಡಿಕೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಹೋಗುವಾಗ ವರದಿಯ ಜೊತೆಗೆ ಬಯಾಪ್ಸಿಯ ಸ್ಲೈಡು, ಬ್ಲಾಕುಗಳನ್ನೂ ಕೇಳಿ ಪಡೆದುಕೊಳ್ಳಿ. ಇನ್ನೊಬ್ಬ ರೋಗಶಾಸ್ತ್ರಜ್ಞರು ನೋಡಿದರೆ ದರ್ಜೆ ಬದಲಾಗುವುದುಂಟು. ಹೊಲ ಒತ್ತೆಯಿಡುವ ಮುನ್ನ ಇಷ್ಟು ಮಾಡಿ. ಈ ಕ್ಯಾನ್ಸರ್ ಸಾಮಾನ್ಯವಾಗಿ ನಿಧಾನದ್ದು. ಗ್ರಂಥಿಯೊಳಗಿದ್ದರೆ, ಯೋಚಿಸಲು ತೆಗೆದುಕೊಂಡ ಕೆಲವು ವಾರಗಳಿಂದ ಹೆಚ್ಚಿನವರಿಗೆ ನಷ್ಟವಿಲ್ಲ.

ಕೊನೆಯದಾಗಿ ಒಂದು ಮಾತು. 'ಅಪ್ಪಾಜಿಗೆ ಹೇಳಬೇಡಿ, ಧೈರ್ಯಗೆಡುತ್ತಾರೆ' ಎಂದು ಮಕ್ಕಳು ವೈದ್ಯರ ಕಿವಿಯಲ್ಲಿ ಹೇಳುವುದು ನಮ್ಮಲ್ಲಿ ಸಾಮಾನ್ಯ. ಆದರೆ ಕತ್ತರಿ ಬೀಳುವುದು ಅವರ ಮೈಮೇಲೆ, ಅನುಭವಿಸುವವರೂ ಅವರೇ. ವರದಿಯನ್ನು ಅವರ ಎದುರಿಗೇ ಓದಿಸಿ. ನಿರ್ಧಾರ ಅವರದೂ ಆಗಲಿ.