ಊರಿಲ್ಲದ ಬೇತಾಳ

ಮಹಾರಾಷ್ಟ್ರದ ಗಡಿಯ ಉಮರಗಾ, ನಿಲಂಗಾ, ಉದಗಿರ ಸೀಮೆಯ ಕನ್ನಡಿಗರಿಗೆ ಮರಾಠಿ ಸಿನಿಮಾ ಪರಭಾಷೆಯದಲ್ಲ. ಮನೆಯಲ್ಲಿ ಕನ್ನಡ, ಸಂತೆ-ಶಾಲೆಯಲ್ಲಿ ಮರಾಠಿ ಆಡಿ ಬೆಳೆದವರಿಗೆ ನಿರ್ದೇಶಕ ಆದಿತ್ಯ ಸರ್ಪೋತದಾರ್ ಹತ್ತಿರದವರೇ. ಲಾತೂರಿನ ದೇಶಮುಖ್ ಮನೆತನದ ರಿತೇಶ್ ನಾಯಕನಾದ ‘ಮಾವುಲಿ’ (2018) ಅವರದು. ‘ಝೋಂಬಿವಲಿ’, ‘ಮುಂಜ್ಯಾ’ ಕೂಡ ಅವರವೇ. ಹೀಗಾಗಿ 2025ರ ದೀಪಾವಳಿಗೆ ಅವರ ಹಿಂದಿ ಚಿತ್ರ ‘ಥಾಮಾ’ ಬಂದಾಗ, ಅದರಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಬೇತಾಳ ಕುಲದ ಹೆಣ್ಣಾಗಿ ಕಾಣಿಸಿಕೊಂಡಾಗ, ನಿರೀಕ್ಷೆ ದೊಡ್ಡದಿತ್ತು. ಚಿತ್ರ ಅದರ ಹತ್ತಿರಕ್ಕೂ ಬರಲಿಲ್ಲ.

‘ಮುಂಜ್ಯಾ’ (2024) ಗೆದ್ದದ್ದು ಏಕೆ? ಮುಂಜಿಯಾದ ಹೊಸದರಲ್ಲೇ ಸತ್ತು ಅಶ್ವತ್ಥ ಮರ ಹಿಡಿದ ಹುಡುಗನ ಭೂತ ಕೊಂಕಣದ ಜನ ನಂಬಿಕೊಂಡು ಬಂದದ್ದು. ತನಗಿಂತ ದೊಡ್ಡವಳಾದ ಮುನ್ನಿಯನ್ನೇ ಮದುವೆಯಾಗಬೇಕೆಂಬ ಹಠ ಆ ಹುಡುಗನದು. ಸತ್ತ ಮೇಲೂ ಹಠ ಬಿಡುವುದಿಲ್ಲ. ಚಿತ್ರದ ನಗುವೂ ಹೆದರಿಕೆಯೂ ಆ ಒಂದೇ ಹಠದಿಂದ ಹುಟ್ಟುತ್ತವೆ. ‘ಝೋಂಬಿವಲಿ’ಯ ಬೇರೂ ಹಾಗೆಯೇ ಡೊಂಬಿವಲಿಯ ನೀರಿನ ಬವಣೆಯಲ್ಲಿತ್ತು.

‘ಥಾಮಾ’ದ ಬೇತಾಳರಿಗೆ ಕಾಡಿದೆ, ಊರಿಲ್ಲ. ಪತ್ರಕರ್ತ ಆಲೋಕ್ (ಆಯುಷ್ಮಾನ್ ಖುರಾನಾ) ಕಾಡಿಗೆ ಹೋಗಿ ತಾಡಕಾಳ (ರಶ್ಮಿಕಾ) ಕೈಗೆ ಸಿಗುತ್ತಾನೆ, ಮುಂದೆ ತಾನೂ ಬೇತಾಳನಾಗುತ್ತಾನೆ. ಅಪ್ಪನ ಪಾತ್ರದ ಪರೇಶ್ ರಾವಲ್ ಇರುವಷ್ಟು ಹೊತ್ತು ಮನೆಯೊಳಗಿನ ತಮಾಷೆ ಚೆನ್ನಾಗಿಯೇ ಇದೆ. ಬಳಿಕ ಇದನ್ನು ನಿರ್ಮಿಸಿದ ಮ್ಯಾಡಾಕ್ ಸಂಸ್ಥೆಯದೇ ಹಳೆಯ ಚಿತ್ರದ ‘ಭೇಡಿಯಾ’ ಬಂದು ಹೊಡೆದಾಡುತ್ತಾನೆ, ಐಟಂ ಹಾಡುಗಳು ಬರುತ್ತವೆ, ಕತೆ ಮುಂದಿನ ಚಿತ್ರಕ್ಕೆ ಕೊಂಡಿ ಹಾಕುವ ಕೆಲಸಕ್ಕೆ ಇಳಿಯುತ್ತದೆ.

‘ಚಂದಮಾಮ’ ಓದಿದ ತಲೆಮಾರಿಗೆ ಬೇತಾಳನ ಬಲ ಅವನ ಪ್ರಶ್ನೆಯಲ್ಲಿತ್ತು. ಹೆಗಲೇರಿ ಕತೆ ಹೇಳಿ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆಂದು ರಾಜನನ್ನೇ ಇಕ್ಕಟ್ಟಿಗೆ ಸಿಕ್ಕಿಸುವ ಮಾತುಗಾರ ಅವನು. ಹಾಸ್ಯಕ್ಕೆ ಇಷ್ಟು ಒಳ್ಳೆಯ ಸರಕು ಕೈಯಲ್ಲಿರುವಾಗ ಚಿತ್ರ ಅವನಿಗೆ ಡ್ರಾಕುಲಾನ ಕೋರೆಹಲ್ಲು ಹಚ್ಚಿದೆ.

ಇನ್ನೂ ನೋವಿನ ನಷ್ಟವೊಂದಿದೆ. 1947ರ ದೇಶವಿಭಜನೆಯ ಕೊಲೆಗಳನ್ನು ಕಂಡು, ಮನುಷ್ಯರ ರಕ್ತ ವಿಷವಾಗಿದೆಯೆಂದು ಬೇತಾಳರು ಅದನ್ನು ಕುಡಿಯುವುದನ್ನೇ ಬಿಟ್ಟರು ಎನ್ನುತ್ತದೆ ಚಿತ್ರ. ಎಂಥ ಕಲ್ಪನೆ! ಗಡಿಸೀಮೆಯ ಪ್ರೇಕ್ಷಕರಿಗೆ ಇದು ಎದೆಗೇ ತಾಗುವ ಮಾತು. ಆಗ ಉದಗಿರ, ನಿಲಂಗಾ ನಿಜಾಮರ ಬೀದರ ಜಿಲ್ಲೆಯಲ್ಲಿದ್ದವು, ಉಮರಗಾ ಉಸ್ಮಾನಾಬಾದಿನಲ್ಲಿ. ಮೊದಲು ರಜಾಕಾರರ ಹಾವಳಿ, 1948ರ ಸೆಪ್ಟೆಂಬರಿನ ಪೊಲೀಸ್ ಆ್ಯಕ್ಷನ್ ಆದಮೇಲೆ ಮುಸ್ಲಿಮರ ಮೇಲಿನ ಸೇಡಿನ ಕೊಲೆಗಳು. ಈ ಕೊಲೆಗಳನ್ನು ವಿಚಾರಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನರಳಿದ ಜಿಲ್ಲೆಗಳೆಂದು ಹೆಸರಿಸಿದ ನಾಲ್ಕರಲ್ಲಿ ಈ ಎರಡೂ ಇದ್ದವು. ಇಂಥ ಎಳೆ ಹಿಡಿದ ನಿರ್ದೇಶಕ ಅದನ್ನು ಕೆಲವೇ ಮಾತುಗಳಲ್ಲಿ ಮುಗಿಸಿ ಗ್ರಾಫಿಕ್ಸ್ ಕಾಳಗಕ್ಕೆ ಓಡಿದ್ದು ಒಪ್ಪತಕ್ಕದ್ದಲ್ಲ.

ಇದಕ್ಕೆ ದೊಡ್ಡ ಸಂಸ್ಥೆಯನ್ನಷ್ಟೇ ದೂರಿದರೆ ಸಾಲದು. ‘ಮುಂಜ್ಯಾ’ ಮಾಡಿಸಿದ್ದೂ ಅದೇ ಮ್ಯಾಡಾಕ್ ಸಂಸ್ಥೆ, ಅದೂ ದೊಡ್ಡ ತಾರೆಯರಿಲ್ಲದೆ. ‘ಥಾಮಾ’ಕ್ಕೆ ಮೂರು ತಿಂಗಳ ಮುಂಚೆ ಬಂದ ಕನ್ನಡದ ‘ಸು ಫ್ರಮ್ ಸೋ’ದಲ್ಲಿ ಜೆ.ಪಿ. ತುಮಿನಾಡು ಕರಾವಳಿಯ ಒಂದು ಊರು, ಸೋಮೇಶ್ವರದ ಸುಲೋಚನಾ ಎಂಬ ದೆವ್ವದ ಹೆಸರು, ಊರ ಮಂದಿಯ ಮಾತಿನ ಧಾಟಿ ಇಷ್ಟನ್ನೇ ನೆಚ್ಚಿ ಚಿತ್ರಮಂದಿರ ತುಂಬಿಸಿದರು. ಮಲಯಾಳಂ, ತೆಲುಗಿನವರೂ ಅದನ್ನು ಡಬ್ ಮಾಡಿಸಿ ನೋಡಿದರು.