ಅರ್ಧಜರತೀಯ ನ್ಯಾಯವೂ ಮಹಿಷಿ ವರದಿಯೂ

ಒಂದು ಪ್ರಮಾಣವನ್ನು ಹಿಡಿದು, ಅದರಲ್ಲಿ ತನಗೆ ಅನುಕೂಲವಾದ ಅರ್ಧವನ್ನು ಶಿರಸಾವಹಿಸಿ, ಪ್ರತಿಕೂಲವಾದ ಅರ್ಧವನ್ನು ಕೈಬಿಡುವ ವಾದಕ್ರಮವನ್ನು ಶಾಸ್ತ್ರಕಾರರು ಅರ್ಧಜರತೀಯವೆಂದು ಕರೆದು ನಿರಾಕರಿಸಿರುವರು. ಕನ್ನಡನಾಡಿನಲ್ಲಿ ಇದಕ್ಕೆ ಉದಾಹರಣೆಯನ್ನು ಅರಸುವವರು ದೂರ ಹೋಗಬೇಕಾದುದಿಲ್ಲ. ಸಭೆಗಳಲ್ಲಿಯೂ ಮೆರವಣಿಗೆಗಳಲ್ಲಿಯೂ ಡಾಕ್ಟರ್ ಸರೋಜಿನಿ ಮಹಿಷಿಯವರ ವರದಿಯ ಹೆಸರನ್ನು ಕೂಗುವವರ ಮಾತನ್ನು ಕೇಳಿದರೆ ಸಾಕು. ಆ ಮಹನೀಯೆ ಯಾರು, ವರದಿಯಲ್ಲಿ ಹೇಳಿದುದೇನು ಎಂದು ಪ್ರಶ್ನಿಸಿದರೆ ಉತ್ತರ ಕೊಡಬಲ್ಲವರು ಎಷ್ಟು ಮಂದಿ?

ಮಹಿಷಿಯವರು ೧೯೨೭ರಲ್ಲಿ ಧಾರವಾಡದಲ್ಲಿ ಜನಿಸಿದರು. ಸಂಸ್ಕೃತದಲ್ಲಿ ವಿದ್ವತ್ತನ್ನು ಪಡೆದು, ಕಾನೂನನ್ನೂ ಓದಿ, ಕನ್ನಡದಲ್ಲಿ ಗ್ರಂಥಗಳನ್ನು ರಚಿಸಿದರು. ೧೯೬೨ರಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಚುನಾಯಿತರಾಗಿ, ೧೯೬೭, ೧೯೭೧, ೧೯೭೭ರ ಚುನಾವಣೆಗಳಲ್ಲಿಯೂ ಗೆದ್ದರು. ಮುಂದೆ ರಾಜ್ಯಸಭೆಯಲ್ಲಿಯೂ ಕುಳಿತರು. ಇಂದಿರಾ ಗಾಂಧಿಯವರ ಮಂತ್ರಿಮಂಡಲದಲ್ಲಿ ಉಪಮಂತ್ರಿಗಳಾಗಿ, ಬಳಿಕ ರಾಜ್ಯಮಂತ್ರಿಗಳಾಗಿ, ಪ್ರವಾಸೋದ್ಯಮ, ನಾಗರಿಕ ವಿಮಾನಯಾನ, ಕಾನೂನು ಮೊದಲಾದ ಇಲಾಖೆಗಳಲ್ಲಿ ಕೆಲಸ ಮಾಡಿದರು. ತುರ್ತುಪರಿಸ್ಥಿತಿಯು ಘೋಷಿತವಾದ ೧೯೭೫ರಲ್ಲಿ ಅವರು ಕಾನೂನು ಇಲಾಖೆಯಲ್ಲಿಯೇ ಇದ್ದರು. ಗುಣಗ್ರಾಹಿಗಳು ಅದನ್ನೂ ಮರೆಮಾಚಬಾರದು. ಸಂಪುಟದ ದರ್ಜೆ ಅವರಿಗೆ ದೊರೆಯಲಿಲ್ಲ. ಕಿರಿಯ ಮಂತ್ರಿಯ ಕೆಲಸವೆಂದರೆ ಹಿರಿಯರ ನಿರ್ಣಯವನ್ನು ಸಭೆಯಲ್ಲಿ ಸಮರ್ಥಿಸುವುದೇ ಹೆಚ್ಚು. ಅವರ ಹೆಸರನ್ನು ಉಳಿಸಿದ ಕಾರ್ಯವು ಆ ಪದವಿಗಳಿಂದ ಇಳಿದ ಮೇಲೆ ಬಂದಿತು.

೧೯೮೩ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರವು ಕನ್ನಡಿಗರ ಉದ್ಯೋಗದ ವಿಚಾರಕ್ಕಾಗಿ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ೧೯೮೪ರಲ್ಲಿ ಮಧ್ಯಂತರ ವರದಿಯೂ ೧೯೮೬ರಲ್ಲಿ ಅಂತಿಮ ವರದಿಯೂ ಸಲ್ಲಿಕೆಯಾದುವು. ಅದರಲ್ಲಿ ೫೮ ಶಿಫಾರಸುಗಳಿದ್ದುವು. ಸರಕಾರವು ೪೫ನ್ನು ಒಪ್ಪಿತು. ರಾಜ್ಯದಲ್ಲಿರುವ ಕೇಂದ್ರದ ಕಚೇರಿ ಉದ್ಯಮಗಳಲ್ಲಿ ಕೆಳಗಿನ ಎರಡು ವರ್ಗದ ಹುದ್ದೆಗಳೆಲ್ಲವೂ, ಅವುಗಳ ಮೇಲಿನ ವರ್ಗದಲ್ಲಿ ನೂರಕ್ಕೆ ೮೦, ಅತ್ಯುನ್ನತ ವರ್ಗದಲ್ಲಿ ೬೫ ಕನ್ನಡಿಗರಿಗೆ ಸಲ್ಲಬೇಕೆಂಬ ಅಂಶವು ಎಲ್ಲರ ಬಾಯಲ್ಲಿಯೂ ಇರುವುದು. ಆದರೆ ಕನ್ನಡಿಗನೆಂದರೆ ಯಾರು? ಹದಿನೈದು ವರ್ಷ ಈ ನಾಡಿನಲ್ಲಿ ವಾಸಿಸಿ, ಕನ್ನಡವನ್ನು ಆಡಲೂ ಓದಲೂ ಬರೆಯಲೂ ಬಲ್ಲವನು. ಈ ಲಕ್ಷಣವನ್ನು ಯಾವ ಮೆರವಣಿಗೆಯೂ ಕೂಗಿದುದಿಲ್ಲ!

ದೋಷವೆಲ್ಲವೂ ಸರಕಾರಗಳದೇ ಎಂದು ಕೆಲವರು ಆಕ್ಷೇಪಿಸಬಹುದು. ಅದರಲ್ಲಿ ಸತ್ಯವುಂಟು. ಒಪ್ಪಿದ ಶಿಫಾರಸು ಶಾಸನವಾಗುವುದಿಲ್ಲ. ಸಂವಿಧಾನದ ೧೬ನೆಯ ಅನುಚ್ಛೇದವು ಸರಕಾರೀ ಉದ್ಯೋಗಕ್ಕೆ ವಾಸಸ್ಥಳದ ನಿಬಂಧನೆಯನ್ನು ವಿಧಿಸುವ ಅಧಿಕಾರವನ್ನು ಪಾರ್ಲಿಮೆಂಟಿಗೆ ಮಾತ್ರ ಕೊಟ್ಟಿರುವುದು. ಬೀಗದ ಕೈ ದೆಹಲಿಯಲ್ಲಿರುವಾಗ ಬೆಂಗಳೂರಿನ ಬಾಗಿಲನ್ನು ಬಡಿದು ಫಲವೇನು? ಲೋಕಸಭೆಗೆ ೨೮ ಮಂದಿಯನ್ನು ಕಳುಹಿಸುವ ನಾಡು ಈ ಪ್ರಶ್ನೆಯನ್ನು ಮೊದಲು ಅವರಿಗೆ ಹಾಕಬೇಕು. ಖಾಸಗಿ ಉದ್ಯಮಗಳ ಮಾರ್ಗವೂ ಸುಗಮವಲ್ಲ. ಹರಿಯಾಣದ ಅಂತಹ ಕಾನೂನನ್ನು ಅಲ್ಲಿಯ ಹೈಕೋರ್ಟು ೨೦೨೩ರಲ್ಲಿ ರದ್ದುಗೊಳಿಸಿತು. ೨೦೨೪ರ ಜುಲೈಯಲ್ಲಿ ಕರ್ನಾಟಕದ ಮಂತ್ರಿಮಂಡಲವು ಆಡಳಿತದ ಹುದ್ದೆಗಳಲ್ಲಿ ನೂರಕ್ಕೆ ೫೦, ಇತರ ಹುದ್ದೆಗಳಲ್ಲಿ ೭೦ನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಯನ್ನು ಒಪ್ಪಿ, ಉದ್ಯಮಿಗಳು ಗದ್ದಲವೆಬ್ಬಿಸಲು, ಎರಡು ದಿನಗಳಲ್ಲಿಯೇ ಅದನ್ನು ತಡೆಹಿಡಿಯಿತು. ಇಷ್ಟು ಅಲ್ಪಾಯುವಾದ ಧೈರ್ಯವು ಹಾಸ್ಯಾಸ್ಪದವೇ ಸರಿ.

ಆದರೂ ಆ ಮಸೂದೆಯಲ್ಲಿ ಗಮನಿಸತಕ್ಕ ಅಂಶವೊಂದುಂಟು. ಪ್ರೌಢಶಾಲೆಯಲ್ಲಿ ಕನ್ನಡವನ್ನು ಓದಿದ ಪ್ರಮಾಣಪತ್ರವಿರಬೇಕು, ಇಲ್ಲವೆ ಕನ್ನಡದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂದು ಅದು ವಿಧಿಸಿದ್ದಿತು. ಮಹಿಷಿಯವರ ಲಕ್ಷಣವೇ ಅಲ್ಲಿ ಬೇರೊಂದು ವೇಷದಲ್ಲಿ ಬಂದಿತು. ಆ ಪರೀಕ್ಷೆ ನಾಳೆಯೇ ಜಾರಿಗೆ ಬಂದರೆ ಗೆಲ್ಲುವವರು ಯಾರು? ಹಳ್ಳಿಯ ಸರಕಾರೀ ಶಾಲೆಯಲ್ಲಿ ಓದಿದ ಕೂಲಿಕಾರನ ಮಗಳು ನಿರಾಯಾಸವಾಗಿ ಗೆಲ್ಲುವಳು. ಕನ್ನಡಾಭಿಮಾನದ ಭಾಷಣ ಮಾಡಿ ಮನೆಗೆ ಬಂದು ಮಕ್ಕಳೊಡನೆ ಇಂಗ್ಲಿಷಿನಲ್ಲಿಯೇ ಮಾತನಾಡುವ ವಕೀಲರ, ವೈದ್ಯರ, ಉಪಾಧ್ಯಾಯರ ಮಕ್ಕಳು ಒಂದು ಪುಟವನ್ನು ತಡವರಿಸದೆ ಓದಲಾರರು. ಹಕ್ಕನ್ನು ಕೇಳುವ ಕಂಠವೊಂದು, ಅರ್ಹತೆಯನ್ನು ಕಳೆದುಕೊಳ್ಳುವ ಮನೆಯೂ ಅದೇ! ಇದಕ್ಕೆ ಯಾವ ಸರಕಾರವನ್ನು ದೂಷಿಸುವುದು?

ಮಕ್ಕಳ ಹೊಟ್ಟೆಪಾಡಿಗೆ ಇಂಗ್ಲಿಷು ಬೇಕೆಂಬ ಸಮಾಧಾನವೂ ನಿಲ್ಲತಕ್ಕುದಲ್ಲ. ಸಂಸ್ಕೃತವನ್ನು ಓದಿ, ಹಿಂದೀ ಇಂಗ್ಲಿಷುಗಳಲ್ಲಿ ದೆಹಲಿಯ ವ್ಯವಹಾರವನ್ನು ನಡೆಸಿ, ಕನ್ನಡದಲ್ಲಿ ಬರೆದ ಮಹಿಷಿಯವರ ಜೀವನವೇ ಅದಕ್ಕೆ ಉತ್ತರವು. ಒಂದು ಭಾಷೆಯನ್ನು ಕಲಿಯಲು ಮತ್ತೊಂದನ್ನು ಬಿಡಬೇಕಾದುದಿಲ್ಲ.

ಮಹಿಷಿಯವರು ೨೦೧೫ರ ಜನವರಿಯಲ್ಲಿ ತೀರಿಕೊಂಡರು. ಅವರ ವರದಿಯನ್ನು ಜಾರಿಗೆ ತರಬೇಕೆನ್ನುವವರು ಪಾರ್ಲಿಮೆಂಟಿನ ಸದಸ್ಯರನ್ನು ಅವಶ್ಯವಾಗಿ ಪೀಡಿಸಲಿ. ಆದರೆ ವರದಿಯ ಉಳಿದರ್ಧಕ್ಕೆ ಯಾವ ಮಸೂದೆಯೂ ಬೇಡ, ಯಾವ ಕೋರ್ಟಿನ ಅಡ್ಡಿಯೂ ಇಲ್ಲ. ದಿನಕ್ಕೊಂದು ಪುಟ ಕನ್ನಡವನ್ನು ಮಕ್ಕಳಿಂದ ಓದಿಸಿ ಬರೆಯಿಸಿದರೆ ಆ ಅರ್ಧವು ಇಂದಿನ ಸಂಜೆಯಿಂದಲೇ ಜಾರಿಗೆ ಬರುವುದು.