ಮೇಲ್ದಾರಿಯೂ ನೆಲಕ್ಕಿಳಿಯಲೇಬೇಕು

ಬೆಂಗಳೂರಿನ ವಾಹನಸಂಕಟಕ್ಕೆ ಎತ್ತರಿಸಿದ ಮಾರ್ಗಗಳೇ ಮದ್ದೆಂಬ ಮಾತು ಸರಕಾರದ ವಲಯಗಳಲ್ಲಿ ಮತ್ತೆ ಬಲವಾಗಿ ಕೇಳಿಬರುತ್ತಿದೆ. ಮಾತು ಹೊಸದಲ್ಲ. 2016ರಲ್ಲಿ ಅದು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆಯ ರೂಪದಲ್ಲಿ ಬಂದಿತು. 2019ರಲ್ಲಿ ನಗರವನ್ನು ನಾಲ್ಕು ದಿಕ್ಕಿಗೂ ಹಾಯುವ ಸುಮಾರು ನೂರು ಕಿಲೋಮೀಟರುಗಳ ಜಾಲದ ರೂಪದಲ್ಲಿ ಬಂದಿತು. ಎರಡು ಸಲವೂ ಪ್ರಜೆಗಳ ವಿರೋಧಕ್ಕೆ ಸಿಕ್ಕಿ ಹಿಂದೆ ಸರಿಯಿತು. ಮೂರನೆಯ ಸಲವಾದರೂ ಹೆದ್ದಾರಿಗಳ ನಡುವೆ ಕಂಬಗಳು ಏಳುವುದಕ್ಕೆ ಮುಂಚೆ ವಿಚಾರವು ಏಳಲಿ ಎಂಬುದು ನಮ್ಮ ಅಪೇಕ್ಷೆ.

ಸಂಕಟವು ನಿಜವಾದುದೆಂಬುದನ್ನು ನಾವು ಅರಿಯದವರಲ್ಲ. ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಎತ್ತಿನ ಗಾಡಿ ಜಟಕಾಗಳ ಕಾಲದಲ್ಲಿ ಹುಟ್ಟಿದ ಬೀದಿಗಳು ಈ ಭಾರವನ್ನು ಹೊರಲಾರವು. ನೆಲದ ಮೇಲೆಯೇ ರಸ್ತೆಯನ್ನು ಅಗಲಿಸಬೇಕೆಂದರೆ ಮನೆ ಅಂಗಡಿಗಳನ್ನು ಕೆಡವಬೇಕು, ಪರಿಹಾರ ಕೊಡಬೇಕು, ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಕಾಯಬೇಕು. ಇರುವ ಹೆದ್ದಾರಿಯ ನಡುವಣ ಪಟ್ಟಿಯಲ್ಲಿ ಕಂಬ ನಿಲ್ಲಿಸಿ ಮೇಲೊಂದು ದಾರಿಯನ್ನು ಹಾಸಿದರೆ ದೂರದ ಪ್ರಯಾಣಿಕರು ಮೇಲೆ ಹೋಗುವರು, ಹತ್ತಿರದವರು ಕೆಳಗೆ ಉಳಿಯುವರು ಎಂದು ಇಂಜಿನಿಯರರು ಹೇಳುವ ವಾದವು ನಗೆಯಾಡಿ ತಳ್ಳಿಹಾಕತಕ್ಕದ್ದಲ್ಲ. 2010ರ ಜನವರಿಯಲ್ಲಿ ತೆರೆದ ಹೊಸೂರು ರಸ್ತೆಯ ಸುಮಾರು ಹತ್ತು ಕಿಲೋಮೀಟರುಗಳ ಎತ್ತರಿಸಿದ ಮಾರ್ಗವು, ಸುಂಕ ತೆತ್ತು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೆ ಕೆಳಗಿನ ಕೂಡುರಸ್ತೆಗಳ ತಡೆಯನ್ನು ತಪ್ಪಿಸಿತೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಮೇಲೇರಿದ ವಾಹನವು ಎಲ್ಲಿಯಾದರೂ ಇಳಿಯಲೇಬೇಕು. ಹೊಸೂರು ರಸ್ತೆಯ ಮಾರ್ಗದಿಂದ ನಗರಕ್ಕೆ ಬರುವವರು ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ಇಳಿದರು. ಅಲ್ಲಿಯ ದಟ್ಟಣೆಯು ದೇಶಕ್ಕೆಲ್ಲ ಗಾದೆಯಾಯಿತು. ಹತ್ತು ಕಿಲೋಮೀಟರುಗಳಲ್ಲಿ ಉಳಿಸಿದ ಕಾಲವನ್ನು ಒಂದು ಫರ್ಲಾಂಗಿನಲ್ಲಿ ಕಳೆದುಕೊಂಡರೆ ಪ್ರಯಾಣಿಕನಿಗೆ ಆದ ಲಾಭವೇನು? ಕೊನೆಗೆ ಅಲ್ಲಿಂದ ರಾಗಿಗುಡ್ಡದವರೆಗೆ ಮೆಟ್ರೊ ಹಳಿಯ ಕೆಳಗೆ ಮತ್ತೊಂದು ಮೇಲ್ಸೇತುವೆಯನ್ನು ಕಟ್ಟಬೇಕಾಯಿತು. 2024ರ ಜುಲೈಯಲ್ಲಿ ಅದು ಬಳಕೆಗೆ ಬಂದಿತು. ಒಂದು ಸೇತುವೆ ಇನ್ನೊಂದನ್ನು ಬೇಡುವುದು, ಅದು ಮಗುದೊಂದನ್ನು ಬೇಡುವುದು. ಇದು ಕಾಂಕ್ರೀಟಿನ ದೋಷವಲ್ಲ. ಸೇತುವೆ ಮುಗಿದಲ್ಲಿಗೇ ಆಲೋಚನೆಯನ್ನೂ ಮುಗಿಸಿದವರ ದೋಷ.

ಹೊಸ ದಾರಿ ಹೊಸ ವಾಹನಗಳನ್ನು ಕರೆಯುತ್ತದೆಂಬುದು ಎರಡನೆಯ ಮಾತು. ನಗರದ ರಸ್ತೆಗಳನ್ನು ಹಿಗ್ಗಿಸಿದಷ್ಟೂ ದಟ್ಟಣೆಯ ಹೊತ್ತಿನಲ್ಲಿ ಅವು ಮತ್ತೆ ತುಂಬಿಕೊಳ್ಳುತ್ತವೆಂದು ಅಮೇರಿಕದ ಆಂತೊನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲಿಯೇ ತೋರಿಸಿದರು. ಬಾಸ್ಟನ್ ನಗರದವರು 1950ರ ದಶಕದಲ್ಲಿ ದಿನಕ್ಕೆ 75,000 ವಾಹನಗಳಿಗೆಂದು ಊರ ನಡುವೆ ಎತ್ತರಿಸಿದ ಹೆದ್ದಾರಿಯನ್ನು ಕಟ್ಟಿದರು; 1990ರ ದಶಕದ ಹೊತ್ತಿಗೆ ಅದರ ಮೇಲೆ ಸುಮಾರು ಎರಡು ಲಕ್ಷ ವಾಹನಗಳು ನುಗ್ಗುತ್ತಿದ್ದವು. ಕೊನೆಗೆ ಅಪಾರ ಧನವನ್ನು ಸುರಿದು, ದಾರಿಯನ್ನು ಸುರಂಗಕ್ಕಿಳಿಸಿ, ಮೇಲಿನದನ್ನು ಕೆಡವಿದರು. ಸಿಯೋಲ್ ನಗರದವರು ತೊರೆಯೊಂದನ್ನು ಮುಚ್ಚಿ ಅದರ ಮೇಲೆ ಎತ್ತಿದ್ದ ಹೆದ್ದಾರಿಯನ್ನು 2003ರಲ್ಲಿ ಕಿತ್ತುಹಾಕಿ 2005ರಲ್ಲಿ ನೀರನ್ನು ಮರಳಿ ಹರಿಸಿದರು. ಇತರರು ಕಟ್ಟಿ ಕೆಡವಿದುದನ್ನು ನಾವು ಸಾಲ ತೆಗೆದು ಕಟ್ಟುವುದಕ್ಕೆ ಮೊದಲು ಒಂದು ಗಳಿಗೆ ನಿಂತು ನೋಡುವುದು ವಿವೇಕವಲ್ಲವೆ?

ಕಟ್ಟಲೇಬೇಕೆಂದು ನಿಶ್ಚಯವಾದಲ್ಲಿ, ಕಟ್ಟುವ ಬಗೆಯಲ್ಲಿಯೂ ಎಚ್ಚರ ಬೇಕು. ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ದಟ್ಟಣೆಯ ಹೆದ್ದಾರಿಯ ನಡುವೆ ಒಂಟಿ ಕಂಬಗಳನ್ನು ನಿಲ್ಲಿಸಿ ಮೂರು ಪಥಗಳನ್ನು ಎತ್ತಿದರು. ಬೆಳಿಗ್ಗೆ ಮೂರೂ ಊರೊಳಕ್ಕೆ, ಸಂಜೆ ಮೂರೂ ಊರಾಚೆಗೆ. ಸ್ವಲ್ಪ ಸ್ಥಳದಲ್ಲಿ ಹೆಚ್ಚು ಕೆಲಸ ಮಾಡುವ ಆ ಯುಕ್ತಿ ಮೆಚ್ಚತಕ್ಕದ್ದೇ. ಆದರೆ 2004ರ ಏಪ್ರಿಲಿನಲ್ಲಿ, ಕೆಲಸ ನಡೆಯುತ್ತಿರುವಾಗಲೇ, ಒಂದು ಕಂಬವು ಹತ್ತು ಅಡಿಗೂ ಹೆಚ್ಚು ನೆಲಕ್ಕೆ ಕುಸಿಯಿತು. ಅಡಿಗಡಿಗೆ ಬದಲಾಗುವ ಮಣ್ಣನ್ನು ಸಾಲದಷ್ಟು ಪರೀಕ್ಷಿಸಿದ್ದರ ಫಲವಾಗಿ ನೂರಕ್ಕೂ ಹೆಚ್ಚು ಕಂಬಗಳ ಬುಡವನ್ನು ಮತ್ತೆ ಬಲಪಡಿಸಬೇಕಾಯಿತು. ಬೆಂಗಳೂರು ಗಟ್ಟಿ ಬಂಡೆಯ ಊರೆಂದು ಹೇಳುವವರು, ಧರ್ಮಾಂಬುಧಿ ಕೆರೆಯ ಮೇಲೆ ಬಸ್ ನಿಲ್ದಾಣವನ್ನೂ ಸಂಪಂಗಿ ಕೆರೆಯ ಮೇಲೆ ಕ್ರೀಡಾಂಗಣವನ್ನೂ ಕಟ್ಟಿಕೊಂಡ ಊರೂ ಇದೇ ಎಂಬುದನ್ನು ಮರೆಯಬಾರದು.

ಕಟ್ಟಿದ ಮೇಲೆ ಕಾಪಾಡುವ ಹೊಣೆಯೂ ಉಂಟು. ಪೀಣ್ಯದ ಮೇಲೆ ಹಾಯುವ ತುಮಕೂರು ರಸ್ತೆಯ ಮೇಲ್ಸೇತುವೆ ಹನ್ನೆರಡು ವರ್ಷಗಳನ್ನೂ ಪೂರೈಸದೆ, ಅದರೊಳಗಿನ ಬಿಗಿತದ ಉಕ್ಕಿನ ತಂತಿಗಳು ತುಕ್ಕು ಹಿಡಿದುದರಿಂದ 2021ರ ಡಿಸೆಂಬರಿನಲ್ಲಿ ಮುಚ್ಚಲ್ಪಟ್ಟಿತು. ಲಘು ವಾಹನಗಳಿಗೆ 2022ರ ಫೆಬ್ರವರಿಯಲ್ಲಿ ತೆರೆಯಿತು. ಭಾರದ ವಾಹನಗಳು 2024ರ ಜುಲೈವರೆಗೂ ಕಾಯಬೇಕಾಯಿತು. ನೂರು ವರ್ಷ ಬಾಳಬೇಕಾದ ಕಟ್ಟಡವು ಹನ್ನೆರಡರಲ್ಲಿ ಹಾಸಿಗೆ ಹಿಡಿದರೆ ಆ ನಷ್ಟವು ಬೀಳುವುದು ಪ್ರಜೆಗಳ ತಲೆಯ ಮೇಲೆಯೇ.

ಎಲ್ಲಕ್ಕಿಂತ ಮುಖ್ಯವಾದುದು, ಈ ದಾರಿ ಯಾರಿಗಾಗಿ ಎಂಬ ಪ್ರಶ್ನೆ. ವಾಹನಗಳನ್ನಲ್ಲ, ಜನರನ್ನು ಸಾಗಿಸುವುದೇ ಗುರಿಯೆಂದು ಭಾರತ ಸರಕಾರದ 2006ರ ನಗರ ಸಾರಿಗೆ ನೀತಿಯು ಸಾರಿದೆ. ಲೆಕ್ಕವು ಸರಳವಾಗಿದೆ: ತಡೆಯಿಲ್ಲದ ಒಂದು ಪಥದಲ್ಲಿ ಗಂಟೆಗೆ ಸುಮಾರು 2,000 ಮೋಟಾರುಗಳು ಹಾಯಬಹುದು, ಒಂದೊಂದರಲ್ಲಿ ಒಬ್ಬರೋ ಇಬ್ಬರೋ ಕುಳಿತಿರುವರು. ಅಷ್ಟು ಜನರನ್ನು ತುಂಬಿದ ಎರಡು ಮೆಟ್ರೊ ರೈಲುಗಳು ಒಯ್ಯಬಲ್ಲವು. ಹೊಸೂರು ರಸ್ತೆಯ ಗುಂಟ ಬೊಮ್ಮಸಂದ್ರದವರೆಗಿನ ಮೆಟ್ರೊ ಓಡತೊಡಗಿದ್ದು 2025ರ ಆಗಸ್ಟಿನಲ್ಲಿ. ಮೇಲ್ಸೇತುವೆ ತೆರೆದು ಹದಿನೈದು ವರ್ಷಗಳಾದ ಮೇಲೆ. ಈ ಕ್ರಮವು ತಲೆಕೆಳಗಾಗಿದ್ದಿತಲ್ಲವೆ? ಮೇಲಿನ ದಾರಿಯಲ್ಲಿ ಬಸ್ಸಿಗೆ ಮೀಸಲು ಪಥವಿಲ್ಲದಿದ್ದರೆ, ಕೆಳಗೆ ನಡೆದು ಹೋಗುವ ಕೂಲಿಗಾರನಿಗೂ ಶಾಲೆಯ ಹುಡುಗಿಗೂ ಕಾಲುದಾರಿಯಿಲ್ಲದಿದ್ದರೆ, ಅದು ಉಳ್ಳವರ ದಾರಿಯೇ ಹೊರತು ನಾಡಿನ ದಾರಿಯಾಗಲಾರದು.

ಇನ್ನು ಪ್ರಜಾಮತದ ಮಾತು. ಸುಮಾರು 1,791 ಕೋಟಿ ರೂಪಾಯಿಗಳ ಉಕ್ಕಿನ ಸೇತುವೆಗಾಗಿ 812 ಮರಗಳು ಉರುಳಬೇಕೆಂಬುದು ಗೊತ್ತಾದಾಗ, 2016ರ ಅಕ್ಟೋಬರಿನಲ್ಲಿ ನಾಗರಿಕರು ಕೈಗೆ ಕೈ ಹಿಡಿದು ರಸ್ತೆಯಲ್ಲಿ ನಿಂತರು. 2017ರ ಮಾರ್ಚಿಯಲ್ಲಿ ಸರಕಾರವು ಯೋಜನೆಯನ್ನು ಕೈಬಿಟ್ಟಿತು. ಜನರನ್ನು ಮೊದಲೇ ಕೇಳಿದ್ದರೆ ಆ ಕಾಲವೂ ಹಣವೂ ಉಳಿಯುತ್ತಿದ್ದವು. ಟೆಂಡರು ಕರೆದ ಮೇಲೆ ಅಭಿಪ್ರಾಯ ಕೇಳುವುದು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆಯೇ ಸರಿ. ಸಂವಿಧಾನದ 74ನೆಯ ತಿದ್ದುಪಡಿಯು ಮಹಾನಗರಗಳಿಗೆ ಯೋಜನಾ ಸಮಿತಿಯನ್ನು ವಿಧಿಸಿದೆ. ಹಾಗಿದ್ದೂ 2020ರ ಸೆಪ್ಟೆಂಬರಿನಲ್ಲಿ ನಗರಸಭೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತ ಸಭೆಯಿಲ್ಲದ ನಗರದಲ್ಲಿ ಸಾವಿರಾರು ಕೋಟಿಗಳ ತೀರ್ಮಾನವನ್ನು ಅಧಿಕಾರಿಗಳ ಕೊಠಡಿಯಲ್ಲಿ ಮಾಡುವುದು ಸ್ವರಾಜ್ಯದ ರೀತಿಯಲ್ಲ.

ಆದುದರಿಂದ ನಾವು ಕೇಳುವುದು ಇಷ್ಟು. ಪ್ರತಿಯೊಂದು ಮೇಲ್ದಾರಿಯ ವರದಿಯೂ ಟೆಂಡರಿಗೆ ಮುಂಚೆ ಕನ್ನಡದಲ್ಲಿ ಪ್ರಕಟವಾಗಲಿ. ಅದು ಎಲ್ಲಿ ಇಳಿಯುವುದು, ಇಳಿದಲ್ಲಿ ದಟ್ಟಣೆ ಏನಾಗುವುದು ಎಂಬುದನ್ನು ಅಂಕೆಗಳಿಂದ ತೋರಿಸಲಿ. ಪ್ರತಿಯೊಂದು ಕಂಬದ ಬುಡದ ಮಣ್ಣಿನ ಪರೀಕ್ಷೆಯೂ, ಮೂವತ್ತು ವರ್ಷಗಳ ದುರಸ್ತಿಯ ವೆಚ್ಚವೂ ಅದರಲ್ಲಿರಲಿ. ಅದೇ ಹಣದಿಂದ ಎಷ್ಟು ಬಸ್ಸುಗಳನ್ನು ಓಡಿಸಬಹುದೆಂಬ ಲೆಕ್ಕವನ್ನು ಪಕ್ಕದಲ್ಲಿಯೇ ಬರೆಯಲಿ. ಕೊನೆಯ ಮಾತು ಚುನಾಯಿತ ನಗರಸಭೆಯದಾಗಿರಲಿ. ಈ ಪರೀಕ್ಷೆಯಲ್ಲಿ ಗೆದ್ದ ಮಾರ್ಗವನ್ನು ಧಾರಾಳವಾಗಿ ಕಟ್ಟಲಿ. ನಾವೇ ಮೊದಲು ಸ್ವಾಗತಿಸುವೆವು. ಸೋತುದನ್ನು ಕಾಗದದಲ್ಲಿಯೇ ಬಿಡಲಿ.

ಭಾರತಕ್ಕೆ ಯೋಜನಾಬದ್ಧ ಅರ್ಥವ್ಯವಸ್ಥೆ ಬೇಕೆಂದು 1934ರಲ್ಲಿಯೇ ಗ್ರಂಥ ಬರೆದ ವಿಶ್ವೇಶ್ವರಯ್ಯನವರ ನಾಡು ನಮ್ಮದು. ಆ ನಾಡಿನ ರಾಜಧಾನಿಯಲ್ಲಿ ಮೊದಲು ಕಂಬ, ಆಮೇಲೆ ಯೋಜನೆ ಎಂಬ ಪದ್ಧತಿಯು ನಿಲ್ಲಬಾರದು.